ಪಂಪ್‌ಹೌಸ್‌ನಲ್ಲಿ ಪಬ್ ಇರಬಹುದೇ?

ಫಿಲಡೆಲ್ಫಿಯಾದ ಆರ್ಟ್ ಮ್ಯೂಸಿಯಂ ಹಿಂದಿನ ಇಳಿಜಾರು ಇಳಿದರೆ ಸ್ಕೂಲ್‌ಕಿಲ್ ನದಿಯ ಅಂಚಿಗೇ ಕಟ್ಟಡಗಳ ಒಂದು ಸಾಲು ಕಾಣುತ್ತದೆ. ಕಂಬಗಳ ಸಾಲು, ತ್ರಿಕೋನದ ಮುಖ, ನದಿಯ ಕಡೆಗೆ ಚಾಚಿದ ಅಗಲವಾದ ಜಗಲಿ. ಗೊತ್ತಿಲ್ಲದವರು ಗ್ರೀಕ್ ಗುಡಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಅದು ಫೇರ್‌ಮೌಂಟ್ ವಾಟರ್‌ವರ್ಕ್ಸ್. 1815ರಿಂದ 1909ರವರೆಗೆ ಆ ಊರಿಗೆ ನೀರು ಎತ್ತಿಕೊಟ್ಟ ಪಂಪ್‌ಹೌಸ್. 2006ರಲ್ಲಿ ಅದರ ಹಳೆಯ ಎಂಜಿನ್ ಮನೆಯಲ್ಲಿ ಬಾರ್ ಸಮೇತ ಒಂದು ರೆಸ್ಟೊರೆಂಟ್ ತೆರೆಯಿತು. ಒಂಬತ್ತು ವರ್ಷ ನಡೆದು 2015ರಲ್ಲಿ ಮುಚ್ಚಿತು. ಆಮೇಲೆ ಆ ಜಾಗ ಮದುವೆ, ಔತಣಗಳಿಗೆ ಬಾಡಿಗೆ ಕೊಡುವ ಹಾಲ್ ಆಯಿತು.

ಊರಿಗೆ ಕುಡಿಯುವ ನೀರು ಕೊಟ್ಟ ಕಟ್ಟಡದಲ್ಲಿ ಮದ್ಯ ಮಾರುವುದು ಸರಿಯೇ ಎಂಬ ಪ್ರಶ್ನೆ ಫಿಲಡೆಲ್ಫಿಯಾ ಒಂದರದ್ದೇ ಅಲ್ಲ. ಇಂಗ್ಲೆಂಡಿನ ರೈ ಎಂಬ ಪುಟ್ಟ ಊರಿನಲ್ಲಿ ಹಳೆಯ ವಾಟರ್‌ವರ್ಕ್ಸ್ ಇಂದು ಪಬ್. ಕುಡಿಯುವ ನೀರಿನದಲ್ಲದಿದ್ದರೂ, ಲಿವರ್‌ಪೂಲಿನ ಆಲ್ಬರ್ಟ್ ಡಾಕ್‌ನ ಪಂಪ್‌ಹೌಸ್ ಕೂಡ ಪಬ್. ಕೆಲವರಿಗೆ ಇದು ಊರಿನ ನೆನಪಿಗೆ ಮಾಡಿದ ಅವಮಾನ, ಕೆಲವರಿಗೆ ಕಟ್ಟಡ ಉಳಿದದ್ದೇ ದೊಡ್ಡದು. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಅವು ಎಲ್ಲೆಲ್ಲಿ ಗಟ್ಟಿ, ಎಲ್ಲೆಲ್ಲಿ ಟೊಳ್ಳು ಎಂದು ನೋಡಲು ಫೇರ್‌ಮೌಂಟ್‌ನ ಕಥೆಯಷ್ಟು ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಂತು. ಐವತ್ತು ಸಾವಿರದಷ್ಟು ಜನರಿದ್ದ ನಗರದಲ್ಲಿ ಸುಮಾರು 5000 ಮಂದಿ ಸತ್ತರು. ಅದು ಸೊಳ್ಳೆಯಿಂದ ಹರಡುವ ಕಾಯಿಲೆ ಎಂದು ಖಚಿತವಾಗಲು ಇನ್ನೂ ನೂರು ವರ್ಷ ಬೇಕಿತ್ತು. ಆಗ ಜನರ ಅನುಮಾನ ಬೀದಿಯ ಕೊಳೆಯ ಮೇಲೆ, ಕೆಟ್ಟುಹೋದ ಬಾವಿಗಳ ಮೇಲೆ. ಬೆಂಜಮಿನ್ ಫ್ರಾಂಕ್ಲಿನ್ ಈ ಜ್ವರಕ್ಕೂ ಮುಂಚೆಯೇ, ಊರಿನ ಬಾವಿಗಳು ಕೆಡುತ್ತಿವೆ, ವಿಸ್ಸಾಹಿಕಾನ್ ತೊರೆಯ ನೀರನ್ನು ಕೊಳವೆಯಲ್ಲಿ ತನ್ನಿ ಎಂದು ತಮ್ಮ ಉಯಿಲಿನಲ್ಲಿ ಬರೆದಿಟ್ಟು ತೀರಿಕೊಂಡಿದ್ದರು. ಸಾವು ಮನೆಮನೆಯ ಬಾಗಿಲಿಗೆ ಬಂದ ಮೇಲೆ ನಗರಕ್ಕೆ ಚುರುಕು ಮುಟ್ಟಿತು. 1801ರಲ್ಲಿ ಬೆಂಜಮಿನ್ ಲಟ್ರೋಬ್ ಅವರ ಯೋಜನೆಯಂತೆ ಎರಡು ಉಗಿಯಂತ್ರಗಳು ನೀರೆತ್ತಲು ಶುರುಮಾಡಿದವು. ನೀರು ಹರಿದದ್ದು ಮರದ ಕೊಳವೆಗಳಲ್ಲಿ. ಉದ್ದನೆಯ ದಿಮ್ಮಿಯ ತಿರುಳನ್ನು ಕೊರೆದು ತೂತು ಮಾಡಿ, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ, ಬೀದಿಯ ಕೆಳಗೆ ಹೂತಿಟ್ಟಿದ್ದರು. ಎರಡು ಯಂತ್ರಗಳಲ್ಲಿ ಒಂದು ನಿಂತರೂ ಊರಿಗೆ ನೀರಿಲ್ಲ.

ಲಟ್ರೋಬ್ ಅವರ ಕೈಕೆಳಗೆ ಪಳಗಿದ ಫ್ರೆಡರಿಕ್ ಗ್ರಾಫ್ ಹೊಸ ಜಾಗ ಆರಿಸಿದರು. ನದಿಯ ಪಕ್ಕದ ಗುಡ್ಡದ ಮೇಲೆ ಜಲಾಶಯ, ಕೆಳಗೆ ಯಂತ್ರದ ಮನೆ. ಒಮ್ಮೆ ಮೇಲೆತ್ತಿದರೆ ಸಾಕು, ಆಮೇಲೆ ನೀರು ತಾನಾಗಿಯೇ ಇಳಿದು ಊರು ಸೇರುತ್ತದೆ. 1812ರಲ್ಲಿ ಕೆಲಸ ಶುರು, 1815ರಲ್ಲಿ ನೀರು. ಆದರೆ ಉಗಿಯಂತ್ರಗಳು ಕಟ್ಟಿಗೆಯನ್ನು ನುಂಗುತ್ತಿದ್ದವು. ಬಾಯ್ಲರ್‌ಗಳು ಸಿಡಿದು ಕೆಲಸಗಾರರ ಜೀವವೂ ಹೋಯಿತು. ಕೊನೆಗೆ ನದಿಗೇ ಅಡ್ಡಲಾಗಿ ಕಟ್ಟೆ ಹಾಕಿ, ನದಿಯ ಬಲದಿಂದಲೇ ತಿರುಗುವ ಭಾರಿ ಚಕ್ರಗಳನ್ನು ಕೂರಿಸಿದರು. 1822ರಲ್ಲಿ ಉಗಿಯ ಕಾಲ ಮುಗಿಯಿತು. ಯಂತ್ರ ಕಿತ್ತುಹಾಕಿದ ಎಂಜಿನ್ ಮನೆ ಖಾಲಿ ಉಳಿಯಿತು.

ಆ ಖಾಲಿ ಮನೆಯನ್ನು ನಗರ ಏನು ಮಾಡಿತು? 1835ರ ಹೊತ್ತಿಗೆ ಅದನ್ನು ನೋಡಲು ಬಂದವರಿಗೆ ತಿಂಡಿ, ಪಾನೀಯ ಕೊಡುವ ಸಾರ್ವಜನಿಕ ಕೊಠಡಿಯಾಗಿ ಮಾರ್ಪಡಿಸಿತು. ಪಕ್ಕದ ಗಿರಣಿಮನೆಯಲ್ಲಿ ಚಕ್ರಗಳು ತಿರುಗುತ್ತಲೇ ಇದ್ದವು. ಆಗ ವಾಟರ್‌ವರ್ಕ್ಸ್ ಎಂದರೆ ಊರಿನ ದೊಡ್ಡ ಪ್ರೇಕ್ಷಣೀಯ ಜಾಗ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದು ನೋಡಿ ಮೆಚ್ಚಿ ಬರೆದರು. ತೋಟ, ಕಾರಂಜಿ, ವಿಲಿಯಂ ರಷ್ ಕೆತ್ತಿದ ಮರದ ಪ್ರತಿಮೆಗಳು, ಚಕ್ರಗಳ ಸದ್ದು, ಕೂತು ದಣಿವಾರಿಸಿಕೊಳ್ಳಲು ಒಂದು ಕೋಣೆ, ಎಲ್ಲ ಒಂದೇ ಆವರಣದಲ್ಲಿ. ಆ ಕೋಣೆಯನ್ನು ಇಂದಿನ ಬಾರ್‌ಗೆ ಸಮ ಎನ್ನುವುದು ಅತಿಯಾದೀತು. ಆದರೂ ಪಂಪ್‌ಹೌಸ್‌ನಲ್ಲಿ ಊಟೋಪಚಾರ ಎನ್ನುವುದು ನಮ್ಮ ಕಾಲದ ವ್ಯಾಪಾರಿಗಳ ಹೊಸ ಕಲ್ಪನೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕಟ್ಟಿಸಿದ ಗ್ರಾಫ್ ಅವರು ಬದುಕಿದ್ದಾಗಲೇ, ಅವರ ಮೇಲ್ವಿಚಾರಣೆಯಲ್ಲೇ ಅದು ನಡೆದಿತ್ತು.

ಇಷ್ಟಕ್ಕೇ ಪಬ್‌ನವರ ಪಕ್ಷ ಗೆದ್ದಿತು ಎನ್ನುವಂತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಶುದ್ಧ ನೀರಿಗಾಗಿ ಹೋರಾಡಿದವರಲ್ಲಿ ಬಹಳ ಮಂದಿ ಮದ್ಯದ ವಿರುದ್ಧವೂ ಹೋರಾಡಿದವರು. ನೀರು ಕೆಟ್ಟಿದ್ದ ಊರಿನಲ್ಲಿ ಬಡ ಕೂಲಿಯವನು ಬಾಯಾರಿದರೆ ಹೋಗುವುದು ಹೆಂಡದಂಗಡಿಗೇ ಎಂಬುದು ಅವರಿಗೆ ಕಣ್ಣಾರೆ ಕಂಡ ಸತ್ಯ. ಲಂಡನ್ನಿನಲ್ಲಿ 1859ರಲ್ಲಿ ಶುರುವಾದ ಸಂಘವೊಂದು ಬೀದಿಬೀದಿಗೆ ಕುಡಿಯುವ ನೀರಿನ ಕಟ್ಟೆಗಳನ್ನು ಕಟ್ಟಿಸಿತು, ಎಷ್ಟೋ ಕಡೆ ಪಬ್‌ಗಳ ಎದುರಿಗೇ. ಫಿಲಡೆಲ್ಫಿಯಾದಲ್ಲೂ 1869ರಲ್ಲಿ ಫೌಂಟನ್ ಸೊಸೈಟಿ ಹುಟ್ಟಿತು. ದುಡಿಯುವ ಮನುಷ್ಯನಿಗೂ ಅವನ ಕುದುರೆಗೂ ದಾರಿಯಲ್ಲಿ ಪುಕ್ಕಟೆ ನೀರು ಸಿಕ್ಕರೆ ಹೆಂಡದಂಗಡಿಯ ಬಾಗಿಲು ತಟ್ಟುವುದು ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ. 1876ರ ಅಮೆರಿಕ ಸ್ವಾತಂತ್ರ್ಯ ಶತಮಾನೋತ್ಸವ ಪ್ರದರ್ಶನದ ಸಂದರ್ಭದಲ್ಲಿ ಫೇರ್‌ಮೌಂಟ್ ಪಾರ್ಕಿನಲ್ಲೇ ಕ್ಯಾಥೊಲಿಕ್ ಪಾನನಿಷೇಧ ಸಂಘದವರು ಒಂದು ದೊಡ್ಡ ಕಾರಂಜಿಯನ್ನು ನಿಲ್ಲಿಸಿದರು. ಅದು ಇಂದಿಗೂ ಅಲ್ಲಿದೆ. ಈ ಜನರ ಕಣ್ಣಿನಲ್ಲಿ ನಲ್ಲಿ ನೀರು ಬರೀ ನೀರಾಗಿರಲಿಲ್ಲ. ಬಡವನ ಮನೆಯನ್ನು ಕುಡಿತದಿಂದ ಉಳಿಸುವ ದಾರಿಯಾಗಿತ್ತು. ಅಂಥ ಆಸೆಯ ಕುರುಹಾಗಿ ನಿಂತ ಕಟ್ಟಡದಲ್ಲಿ ವಿಸ್ಕಿಯ ಸಾಲು ಜೋಡಿಸಿದರೆ ನೋವಾಗುವುದು ಸಹಜ. ಆ ನೋವನ್ನು ಹಳಬರ ಮಡಿವಂತಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ.

ಇದೇ ನೀರು ಬಿಯರನ್ನೂ ಮಾಡಿತು ಎಂಬುದು ಇನ್ನೊಂದು ಮುಖ. ಫೇರ್‌ಮೌಂಟ್‌ಗೆ ಹತ್ತಿರದ ಬಡಾವಣೆಯ ಹೆಸರೇ ಬ್ರೂವರಿಟೌನ್. ಜರ್ಮನಿಯಿಂದ ಬಂದ ಬಿಯರ್ ತಯಾರಕರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸ್ಕೂಲ್‌ಕಿಲ್ ನದಿಯ ಮಂಜುಗಡ್ಡೆಯನ್ನು ಕತ್ತರಿಸಿಟ್ಟುಕೊಂಡು ಅಲ್ಲಿ ಬಿಯರ್ ತಂಪಾಗಿಡುತ್ತಿದ್ದರು. ಇತಿಹಾಸವನ್ನು ಸಾಕ್ಷಿಗೆ ಕರೆದರೆ ಅದು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಹಾಗಾಗಿ ಹಿಂದೆ ಏನಿತ್ತು ಎಂಬುದರಿಂದ ಮಾತ್ರ ಈ ಪ್ರಶ್ನೆ ಬಗೆಹರಿಯದು.

ದುಡ್ಡಿನ ಮಾತಿಗೆ ಬರೋಣ. ಕಾರ್ಖಾನೆ, ಗಣಿಗಳ ಕೊಳೆ ಸೇರಿ ಸ್ಕೂಲ್‌ಕಿಲ್ ಕೆಟ್ಟಿತು, ವಿಷಮಶೀತ ಜ್ವರ ಮತ್ತೆ ಮತ್ತೆ ಬಂತು. ನಗರ ಮರಳಿನ ಫಿಲ್ಟರ್ ಘಟಕಗಳನ್ನು ಬೇರೆ ಕಡೆ ಕಟ್ಟಿ 1909ರಲ್ಲಿ ಫೇರ್‌ಮೌಂಟ್ ಅನ್ನು ನಿಲ್ಲಿಸಿತು. 1911ರಿಂದ 1962ರವರೆಗೆ ಅಲ್ಲಿ ಮೀನುಗಳ ಅಕ್ವೇರಿಯಂ ಇತ್ತು. ಆಮೇಲೆ 1970ರ ದಶಕದ ಆರಂಭದವರೆಗೆ ಒಂದು ಭಾಗ ಈಜುಕೊಳ. ಅದೂ ಮುಚ್ಚಿತು. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಎಂಬ ಮನ್ನಣೆ ಸಿಕ್ಕಿತು, ಆದರೆ ಮನ್ನಣೆಯ ಫಲಕ ಸೂರನ್ನು ಹಿಡಿದು ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ಕಟ್ಟಡ ಜೀರ್ಣವಾಗುತ್ತ ನಿಂತಿತ್ತು. ಊರಿನ ಸಂಘಸಂಸ್ಥೆಗಳು, ಅವುಗಳಲ್ಲಿ ಮುಖ್ಯವಾಗಿ ಮಹಿಳೆಯರ ಜೂನಿಯರ್ ಲೀಗ್, ಚಂದಾ ಎತ್ತಿ ದುರಸ್ತಿಗೆ ಕೈಹಾಕಿದವು. 2003ರಲ್ಲಿ ನಗರದ ನೀರಿನ ಇಲಾಖೆ ಗಿರಣಿಮನೆಯ ಕೆಳಗಿನ ಭಾಗದಲ್ಲಿ ನೀರಿನ ಬಗ್ಗೆ ಕಲಿಸುವ ಕೇಂದ್ರವನ್ನು ತೆರೆಯಿತು. ರೆಸ್ಟೊರೆಂಟ್ ಬಂದದ್ದು ಅದರ ನಂತರ, ಅದರ ಪಕ್ಕದಲ್ಲಿ.

ಪಬ್ ಬೇಕು ಎನ್ನುವವರ ಬಲವಾದ ವಾದ ಇಲ್ಲೇ ಇದೆ. ಹಳೆಯ ಕಟ್ಟಡವನ್ನು ಕೊಲ್ಲುವುದು ಮುಖ್ಯವಾಗಿ ಖಾಲಿತನ. ಒಂದು ಹೆಂಚು ಜಾರಿದ್ದನ್ನು ಯಾರೂ ನೋಡದಿದ್ದರೆ ಎರಡನೇ ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ, ಮೂರನೆಯದಕ್ಕೆ ಗೋಡೆ ಬಿರಿಯುತ್ತದೆ. ದಿನಾ ಬಾಗಿಲು ತೆಗೆಯುವವರೊಬ್ಬರು ಇದ್ದರೆ ಸೋರಿದ್ದು ಅಂದೇ ಗೊತ್ತಾಗುತ್ತದೆ. ಮ್ಯೂಸಿಯಂ ಸಾಮಾನ್ಯವಾಗಿ ಸಂಜೆ ಐದಕ್ಕೆ ಬೀಗ ಹಾಕುತ್ತದೆ. ಪಬ್‌ಗೆ ಜೀವ ಬರುವುದೇ ಆಗ. ಟಿಕೆಟ್ ಕೊಂಡು ಇತಿಹಾಸ ನೋಡಲು ಎಂದೂ ಬಾರದ ಜನ ಅಲ್ಲಿಗೆ ಬರುತ್ತಾರೆ, ತಲೆ ಎತ್ತಿ ಕಬ್ಬಿಣದ ತೊಲೆಗಳನ್ನು ನೋಡುತ್ತಾರೆ, ಇದು ಮೊದಲು ಏನಾಗಿತ್ತು ಎಂದು ಪಕ್ಕದವರನ್ನು ಕೇಳುತ್ತಾರೆ. ಅಷ್ಟು ಕುತೂಹಲ ಹುಟ್ಟಿದರೆ ಅದೇನು ಕಡಿಮೆಯಲ್ಲ.

ಆದರೆ ಬಾಡಿಗೆ ಬಂದರೆ ಕಟ್ಟಡ ಉಳಿದೀತು ಎನ್ನುವುದು ಅರ್ಧ ನಿಜ. ನದಿಯೊಳಗೇ ಕಾಲಿಟ್ಟು ನಿಂತ ಕಟ್ಟಡಕ್ಕೆ ಖರ್ಚು ಬರುವುದು ತಿಂಗಳ ಲೆಕ್ಕದಲ್ಲಿ ಅಲ್ಲ, ಪ್ರವಾಹದ ಲೆಕ್ಕದಲ್ಲಿ. 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆಗೆ ಸ್ಕೂಲ್‌ಕಿಲ್ ಉಕ್ಕಿದಾಗ ವಾಟರ್‌ವರ್ಕ್ಸ್‌ನ ಕೆಳಭಾಗಕ್ಕೂ ನೀರು ನುಗ್ಗಿತು. ಅಂಥ ಹೊರೆಯನ್ನು ಯಾವ ಹೋಟೆಲಿನ ಲಾಭವೂ ಹೊರಲಾರದು. ಕೊನೆಗೆ ಅದು ಊರಿನ ಖಜಾನೆಯ ಮೇಲೇ ಬೀಳುತ್ತದೆ. ಊರು ಹಣ ಹಾಕಿ ಉಳಿಸಿದ ಮೇಲೆ ಒಳಗೆ ಯಾರು ಕಾಲಿಡಬಹುದು ಎಂದು ಕೇಳುವ ಹಕ್ಕೂ ಊರಿಗೆ ಇದೆ.

ಈ ವಿಷಯದಲ್ಲಿ ನನ್ನ ಮನಸ್ಸು ನಿಂತಿರುವುದೂ ಇಲ್ಲೇ. ರೆಸ್ಟೊರೆಂಟ್ ಇದ್ದ ಒಂಬತ್ತು ವರ್ಷ, ದುಬಾರಿಯಾದರೂ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಿತ್ತು. ಒಂದು ಲೋಟ ಏನಾದರೂ ಹಿಡಿದು ಅಣೆಕಟ್ಟೆಯ ಮೇಲೆ ಇಳಿಯುವ ನೀರನ್ನು ನೋಡುತ್ತ ಕೂರಬಹುದಿತ್ತು. ಔತಣದ ಹಾಲ್ ಆದ ಮೇಲೆ ಆ ಕೋಣೆಗಳಿಗೆ ಹೋಗಲು ಯಾರಾದರೂ ಮದುವೆಗೆ ಕರೆಯಬೇಕು. ಹೊರಗಿನ ಜಗಲಿ, ದಾರಿಗಳು ಜನರಿಗೆ ತೆರೆದೇ ಇವೆ, ಕೆಳಗಿನ ಕಲಿಕಾ ಕೇಂದ್ರ ಬೇರೆಯೇ ಇದೆ, ನಿಜ. ಆದರೂ ಎಂಜಿನ್ ಮನೆ ಊರಿನ ಕೈತಪ್ಪಿದೆ. ಮದ್ಯ ಎರಡೂ ಕಾಲದಲ್ಲಿ ಇತ್ತು. ಬದಲಾದದ್ದು ಬಾಗಿಲು. ಮದ್ಯದ ಬಗ್ಗೆ ಎದ್ದಷ್ಟು ಗಲಾಟೆ ಈ ಬಾಗಿಲಿನ ಬಗ್ಗೆ ಏಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಮನೆಯಾಗಿ ಪರಿವರ್ತನೆಯಾದರೆ ಬಾಗಿಲು ಇನ್ನೂ ಬಿಗಿಯಾಗುತ್ತದೆ. ಬೋಸ್ಟನ್ನಿನ ಚೆಸ್ಟ್‌ನಟ್ ಹಿಲ್‌ನಲ್ಲಿ ಹಳೆಯ ವಾಟರ್‌ವರ್ಕ್ಸ್‌ನ ಕೆಲವು ಕಟ್ಟಡಗಳು ಫ್ಲ್ಯಾಟ್‌ಗಳಾಗಿವೆ. ಮೂರಂತಸ್ತಿನ ಎತ್ತರದ ಲೆವಿಟ್ ಎಂಜಿನ್ ಇರುವ ಮುಖ್ಯ ಕಟ್ಟಡ ಮಾತ್ರ 2011ರಿಂದ ಮ್ಯೂಸಿಯಂ. ಇದನ್ನು ಒಳ್ಳೆಯ ಹೊಂದಾಣಿಕೆ ಎನ್ನಬಹುದು. ಆದರೆ ಫ್ಲ್ಯಾಟ್ ಒಮ್ಮೆ ಮಾರಾಟವಾದರೆ ಮುಗಿಯಿತು, ಮತ್ತೆ ಊರಿಗೆ ಮರಳದು. ಪಬ್ ಹಾಗಲ್ಲ. ಮೇಜು, ಕೌಂಟರು ಎತ್ತಿದರೆ ಕೋಣೆ ಮತ್ತೆ ಕೋಣೆಯೇ.

ಅದೂ ಅಡುಗೆಮನೆ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಹಳೆಯ ಕಟ್ಟಡದಲ್ಲಿ ಬಾರ್ ಕೌಂಟರ್‌ಗಿಂತ ಹೆಚ್ಚು ಹಾನಿ ಮಾಡುವುದು ಒಲೆ. ಹೊಗೆ ಹೊರಹಾಕಲು ತಗಡಿನ ದೊಡ್ಡ ಕೊಳವೆ ಬೇಕು, ಅದಕ್ಕೆ ಎಲ್ಲೋ ಗೋಡೆ ಒಡೆಯಬೇಕು. ಜಿಡ್ಡಿನ ನೀರಿಗೆ ಪ್ರತ್ಯೇಕ ಚೇಂಬರ್, ಗ್ಯಾಸ್ ಲೈನ್, ಕೋಲ್ಡ್ ರೂಮ್, ಸೂರಿನ ಮೇಲೆ ಎ.ಸಿ. ಯಂತ್ರಗಳು, ಬೆಂಕಿ ಬಿದ್ದರೆ ಓಡಲು ಇನ್ನೊಂದು ಬಾಗಿಲು. ಸುಣ್ಣದ ಗಾರೆಯ ಗೋಡೆ ಉಸಿರಾಡಬೇಕು. ಒಳಗಿನ ಹಬೆ ಅದರಲ್ಲಿ ಸೇರಿ, ಮೇಲೆ ಸಿಮೆಂಟು ಬಳಿದು ಮುಚ್ಚಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಪುಡಿಯಾಗುತ್ತದೆ. ಪಬ್ ವಿರೋಧಿಗಳು ಮದ್ಯದ ಬದಲು ಈ ತಗಡಿನ ಕೊಳವೆಯ ಬಗ್ಗೆ ಮಾತಾಡಿದರೆ ಅವರ ವಾದಕ್ಕೆ ಇನ್ನಷ್ಟು ಕಸುವು ಬಂದೀತು. ಅದಕ್ಕೇ ರೈ ಊರಿನ ಮಾದರಿ ನನಗೆ ಹಿಡಿಸುತ್ತದೆ. ಅದು ಇಂಗ್ಲೆಂಡಿನಲ್ಲಿ ಮೈಕ್ರೊಪಬ್ ಎನ್ನುವ ಬಗೆಯದು. 2005ರಲ್ಲಿ ಕೆಂಟ್ ಪ್ರಾಂತ್ಯದ ಹರ್ನ್ ಎಂಬಲ್ಲಿ ಹಳೆಯ ಮಾಂಸದಂಗಡಿಯೊಂದರಲ್ಲಿ ಈ ಬಗೆಯ ಮೊದಲ ಪಬ್ ತೆರೆಯಿತು. ಚಿಕ್ಕ ಕೋಣೆ, ಪೀಪಾಯಿಯ ಬಿಯರ್, ಗದ್ದಲದ ಸಂಗೀತ ಇಲ್ಲ, ದೊಡ್ಡ ಅಡುಗೆಯೂ ಇಲ್ಲ. ಜನ ಬರುವುದು ಮಾತಿಗೆ. ಇಷ್ಟಕ್ಕೆ ಹಳೆಯ ಗೋಡೆಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಯಂತ್ರಗಳ ವಿಷಯ ಇನ್ನೂ ಉಳಿದಿದೆ. ಫೇರ್‌ಮೌಂಟ್‌ನ ಎಂಜಿನ್ ಮನೆಯಲ್ಲಿ ಎಂಜಿನ್ ಇಲ್ಲದೆ ಎರಡು ಶತಮಾನವಾಯಿತು, ಅಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿರಲಿಲ್ಲ. ಲಂಡನ್ನಿನ ವಾಪಿಂಗ್‌ನಲ್ಲಿ ಹಾಗಿರಲಿಲ್ಲ. 1890ರಲ್ಲಿ ಕಟ್ಟಿದ ಆ ಹೈಡ್ರಾಲಿಕ್ ಪವರ್ ಸ್ಟೇಷನ್ ಕುಡಿಯುವ ನೀರಿನದಲ್ಲ. ಭಾರಿ ಒತ್ತಡದ ನೀರನ್ನು ಬೀದಿಯ ಕೆಳಗಿನ ಕೊಳವೆಗಳಲ್ಲಿ ಕಳಿಸಿ ಊರಿನ ಕ್ರೇನು, ಲಿಫ್ಟು, ನಾಟಕಶಾಲೆಗಳ ತಿರುಗುರಂಗ ನಡೆಸುತ್ತಿತ್ತು. 1977ರಲ್ಲಿ ನಿಂತಿತು. 2000ದಲ್ಲಿ ರಂಗನಿರ್ದೇಶಕಿ ಜೂಲ್ಸ್ ರೈಟ್ ಅದನ್ನು ಕಲಾಕೇಂದ್ರವಾಗಿ, ರೆಸ್ಟೊರೆಂಟ್ ಆಗಿ ತೆರೆದರು. ಅವರು ಯಂತ್ರಗಳನ್ನು ಕದಲಿಸಲಿಲ್ಲ. ಪಂಪುಗಳ ನಡುವೆಯೇ ಊಟದ ಮೇಜು, ಬಾಯ್ಲರ್ ಮನೆಯಲ್ಲಿ ಕಲಾಪ್ರದರ್ಶನ. ಊಟಕ್ಕೆ ಕೂತವರ ಮೊಣಕೈ ಪಕ್ಕದಲ್ಲೇ ಬೋಲ್ಟು, ವಾಲ್ವು, ಚಕ್ರ. ಯಂತ್ರಶಾಲೆಯ ಗೌರವಕ್ಕೆ ಕುಂದು ತರದೆ ಅಲ್ಲಿ ವೈನ್ ಬಡಿಸಬಹುದು ಎಂಬುದಕ್ಕೆ ವಾಪಿಂಗ್‌ಗಿಂತ ಒಳ್ಳೆಯ ಪುರಾವೆ ನಾನು ಕಾಣೆ. ಅದೇ ವಾಪಿಂಗ್ ಎದುರು ಪಕ್ಷಕ್ಕೂ ಪುರಾವೆ. ಕಟ್ಟಡ ಮಾರಾಟವಾಗಿ 2013ರಲ್ಲಿ ಎಲ್ಲವೂ ಮುಚ್ಚಿತು. ಒಬ್ಬರ ಕಳಕಳಿಯ ಮೇಲೆ ನಿಂತದ್ದು ಆಸ್ತಿಯ ಕೈ ಬದಲಾದ ದಿನ ಕುಸಿಯುತ್ತದೆ. ಲಿವರ್‌ಪೂಲಿನ ಪಂಪ್‌ಹೌಸ್ 1986ರಲ್ಲಿ ಪಬ್ ಆದದ್ದು ಇನ್ನೂ ನಡೆಯುತ್ತಿರುವುದಕ್ಕೆ ಇಡೀ ಡಾಕ್ ಪ್ರದೇಶವೇ ಸಾರ್ವಜನಿಕ ಯೋಜನೆಯಲ್ಲಿ ಮರುಜೀವ ಪಡೆದದ್ದು ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ಇವೆಲ್ಲ ದೂರದ ಊರುಗಳು ಎಂದು ಬಿಡುವಂತಿಲ್ಲ, ಏಕೆಂದರೆ ಬೆಂಗಳೂರಿಗೂ ಇಂಥ ಕಟ್ಟಡ ಇದೆ. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಊರಿಗೆ ನೀರು ತಂದರು. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯವರೆಗೆ ಬಂದ ನೀರನ್ನು ಉಗಿಯಂತ್ರಗಳು ಎತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದವು. ಬೆಂಗಳೂರಿನ ಮನೆಗಳಿಗೆ ಕೊಳವೆಯ ನೀರು ಬಂದ ಕಥೆ ಶುರುವಾಗುವುದು ಅಲ್ಲಿಂದ. ಸೋಲದೇವನಹಳ್ಳಿಯ ಪಂಪ್‌ಹೌಸ್‌ಗೆ ಮುಂದೆ ಏನು ಎಂಬ ಪ್ರಶ್ನೆ ಇಂದಲ್ಲ ನಾಳೆ ನಮ್ಮ ಮುಂದೆ ಬರುವುದೇ.

ಅಲ್ಲಿ ಪಬ್ ಬೇಕೇ ಎಂದು ಕೇಳಿದರೆ ನಾನು ಬೇಡ ಎನ್ನುತ್ತೇನೆ. ರೈ ಊರಿನಲ್ಲಿ ಸರಿ ಎಂದವನು ಇಲ್ಲೇಕೆ ಬೇಡ ಎನ್ನುತ್ತಾನೆ ಎಂದು ಕೇಳಬಹುದು. ಪಬ್ ಪರವಾಗಿ ನಾನು ಒಪ್ಪಿಕೊಂಡ ದೊಡ್ಡ ವಾದ ತೆರೆದ ಬಾಗಿಲಿನದು. ಇಂಗ್ಲೆಂಡಿನ ಹಳ್ಳಿಯಲ್ಲಿ ಅಜ್ಜಿಯೂ ಪಬ್‌ಗೆ ಹೋಗುತ್ತಾಳೆ, ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಹೋಗುವ ಮನೆಗಳಿವೆ. ನಮ್ಮಲ್ಲಿ ಬಾರ್ ಎಂದರೆ ಬಹುಪಾಲು ಮನೆಗಳ ಅರ್ಧ ಜನ ಕಾಲಿಡದ ಜಾಗ. 2009ರಲ್ಲಿ ಮಂಗಳೂರಿನ ಪಬ್‌ನಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಹಲ್ಲೆಯನ್ನು ನಾವು ಮರೆತಿಲ್ಲ. ಆ ಹಲ್ಲೆಯನ್ನು ಸಮರ್ಥಿಸುವ ಮಾತಿಗೆ ನನ್ನಲ್ಲಿ ಜಾಗವಿಲ್ಲ, ಹೆಣ್ಣುಮಕ್ಕಳಿಗೆ ಎಲ್ಲಿಗೆ ಬೇಕಾದರೂ ಹೋಗುವ ಹಕ್ಕಿದೆ. ಕುಡಿತದಿಂದ ಮನೆ ಹಾಳಾದ ಹೆಂಗಸರ ಅಳಲು 2007ರ ಸಾರಾಯಿ ನಿಷೇಧದ ಹಿಂದೆ ಇತ್ತು ಎಂಬುದೂ ಅಷ್ಟೇ ನಿಜ. ಇಂಥ ಕಡೆ ಊರಿನ ನೀರಿನ ಮನೆಯನ್ನು ಬಾರ್ ಮಾಡಿದರೆ, ಆ ನೀರನ್ನು ಬಿಂದಿಗೆಯಲ್ಲಿ ಹೊತ್ತವರ ಮೊಮ್ಮಕ್ಕಳೇ ಒಳಗೆ ಬರಲು ಹಿಂಜರಿಯುವಂತಾಗುತ್ತದೆ. ಮಹಾತ್ಮ ಗಾಂಧಿ ರಸ್ತೆಯ ಹಳೆಯ ಬಂಗಲೆಯೊಂದು ಪಬ್ ಆದರೆ ನನ್ನ ತಕರಾರಿಲ್ಲ. ಅದು ಎಲ್ಲರ ದುಡ್ಡಿನಲ್ಲಿ ಎಲ್ಲರಿಗಾಗಿ ಕಟ್ಟಿದ್ದಲ್ಲ.

ಹಾಗೆಂದು ಸೋಲದೇವನಹಳ್ಳಿಗೆ ಬೀಗ ಹಾಕಿ ಫಲಕ ತೂಗುಹಾಕುವುದೂ ಉತ್ತರವಲ್ಲ. ಬಿಸಿ ಇಡ್ಲಿ, ಕಾಫಿ ಸಿಗುವ, ಭಾನುವಾರ ಮಕ್ಕಳು ಓಡಾಡುವ ಕ್ಯಾಂಟೀನ್ ಇದ್ದರೆ ಪಬ್ ಮಾಡುವ ಕೆಲಸವನ್ನೇ ಅದು ಮಾಡೀತು, ದಿನಾ ಬಾಗಿಲು ತೆರೆದು ಸೂರಿನ ಮೇಲೆ ಕಣ್ಣಿಟ್ಟೀತು. ಯಾರಿಗೇ ಕೊಡಲಿ, ಕರಾರಿನಲ್ಲಿ ಕೆಲವು ಮಾತು ಬರೆದೇ ಇರಬೇಕು. ದೊಡ್ಡ ಒಲೆಯ ಅಡುಗೆ ಹೊರಗೆ, ಬೇರೆ ಶೆಡ್ಡಿನಲ್ಲಿ. ಖಾಸಗಿ ಸಮಾರಂಭಕ್ಕೆ ವರ್ಷದಲ್ಲಿ ಇಂತಿಷ್ಟೇ ದಿನ. ಶಾಲೆಯ ಮಕ್ಕಳಿಗೆ ವಾರದ ಬೆಳಗಿನ ಹೊತ್ತು ಪುಕ್ಕಟೆ. ಬಾಡಿಗೆಯ ಹಣ ಊರಿನ ನೀರಿನ ಮಂಡಳಿಯ ಸಾಮಾನ್ಯ ಖಾತೆಗೆ ಸೇರದೆ ಅದೇ ಕಟ್ಟಡದ ಸೂರಿಗೆ, ಗಾರೆಗೆ. ಟೆಂಡರ್ ಕರೆಯುವ ಮುಂಚೆ ಒಳಗೆ ಇರುವ ಪ್ರತಿಯೊಂದು ಪಂಪು, ವಾಲ್ವು, ಕೊಳವೆಯ ಫೋಟೊ ತೆಗೆದು, ಅಳತೆ ಹಿಡಿದು, ಪಟ್ಟಿ ಮಾಡಿ ಎಲ್ಲರಿಗೂ ಸಿಗುವಂತೆ ಇಡಬೇಕು. ಗುತ್ತಿಗೆದಾರರ ಲಾರಿ ಬಂದ ಮೇಲೆ ಪಟ್ಟಿ ಮಾಡಲು ಹೊರಟರೆ, ಏನು ಹೋಯಿತು ಎಂದು ಹೇಳಲು ಯಾರಿಗೂ ಆಗುವುದಿಲ್ಲ.